ಜಾರಬೇಕಾದ ಕಡೆ ಜಾರಲಿ, ಹಿಡಿಯಬೇಕಾದ ಕಡೆ ಹಿಡಿಯಲಿ: ಬ್ರೇಕಿಂಗ್‌ಗೆ ಬಟ್ಟೆ, ಶೂ

ಬ್ರೇಕಿಂಗ್‌ನಲ್ಲಿ (ಬ್ರೇಕ್‌ಡ್ಯಾನ್ಸ್) ನಿಂತು ಮಾಡುವ ಹೆಜ್ಜೆಗಳಾದ ಟಾಪ್‌ರಾಕ್ ಮುಗಿಸಿ ಕೆಳಗಿಳಿದ ಮರುಗಳಿಗೆಯಿಂದ ಅಂಗೈ, ಮಂಡಿ, ಹೆಗಲು, ಬೆನ್ನು, ಕೆಲವರಿಗೆ ನೆತ್ತಿಯೂ ನೆಲಕ್ಕೆ ಉಜ್ಜುತ್ತದೆ. ಹಾಗಾಗಿ ಬಟ್ಟೆ, ಶೂ ಆರಿಸುವಾಗ ಮೈಯ ಒಂದೊಂದು ಭಾಗಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಜಾರಬೇಕೋ, ಹಿಡಿದು ನಿಲ್ಲಬೇಕೋ? ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ. ಸ್ಟೈಲ್ ಬೇಡ ಅಂತಲ್ಲ, ಬ್ಯಾಟಲ್‌ಗೆ, ಅಂದರೆ ಎದುರುಬದುರಿನ ಸ್ಪರ್ಧೆಗೆ, ಇಳಿದವರ ಠೀವಿಯೂ ಈ ನೃತ್ಯದ ಭಾಗವೇ. ಆದರೆ ಬೆನ್ನು, ಹೆಗಲ ಮೇಲೆ ಉರುಳುವ ವಿಂಡ್‌ಮಿಲ್ ನಡುವೆ ಟೀ ಶರ್ಟ್ ನೆಲಕ್ಕೆ ಅಂಟಿಕೊಂಡರೆ ಆ ಠೀವಿ ಉಳಿಯುವುದಿಲ್ಲ.

ಶೂನಿಂದ ಶುರು ಮಾಡೋಣ, ಹೆಚ್ಚು ತಪ್ಪು ಆಗುವುದೇ ಇಲ್ಲಿ. ಹೊಸಬರು ಮನೆಯಲ್ಲಿದ್ದ ರನ್ನಿಂಗ್ ಶೂ ಹಾಕಿಕೊಂಡು ಬಂದುಬಿಡುತ್ತಾರೆ. ಅದನ್ನು ಮಾಡಿರುವುದು ನೇರ ಮುಂದಕ್ಕೆ ಓಡಲು. ಹಿಮ್ಮಡಿ ಕೆಳಗೆ ದಪ್ಪ ಫೋಮ್ ಇರುತ್ತದೆ, ಎಷ್ಟೋ ಮಾದರಿಗಳಲ್ಲಿ ಹಿಮ್ಮಡಿ ಮುಂಗಾಲಿಗಿಂತ 8ರಿಂದ 12 ಮಿ.ಮೀ. ಎತ್ತರವಿರುತ್ತದೆ. ಕೈ ನೆಲಕ್ಕೂರಿ ಆರು ಹೆಜ್ಜೆಯಲ್ಲಿ ಸುತ್ತು ಹಾಕುವ ಸಿಕ್ಸ್ ಸ್ಟೆಪ್ ಮಾಡುವಾಗ ಭಾರ ಆಗಾಗ ಪಾದದ ಹೊರ ಅಂಚಿನ ಮೇಲೆ ಬೀಳುತ್ತದೆ. ಆಗ ಆ ಫೋಮ್ ಒಂದು ಬದಿಗೆ ಕುಸಿದು ಪಾದ ಹೊರಳುತ್ತದೆ, ಕಾಲು ಉಳುಕುತ್ತದೆ. ಹಿಂದೆ ಚಾಚಿಕೊಂಡ ಹಿಮ್ಮಡಿಯ ಅಂಚು ಇನ್ನೊಂದು ಕಾಲಿಗೆ ತಗುಲುವುದೂ ಉಂಟು.

ಬೇಕಾದದ್ದು ತೆಳ್ಳಗಿನ, ಚಪ್ಪಟೆ ರಬ್ಬರ್ ಅಟ್ಟೆಯ ಶೂ. ನೆಲ ಪಾದಕ್ಕೆ ಗೊತ್ತಾಗಬೇಕು. ಒಂದು ಶೂ ತೂಕ 300ರಿಂದ 400 ಗ್ರಾಂ ಒಳಗಿದ್ದರೆ ಸಾಕು. ಅದಕ್ಕಿಂತ ಭಾರವಾದರೆ ಫ್ಲೇರ್‌ನಂಥ ಮೂವ್‌ನಲ್ಲಿ ಕಾಲು ಬೀಸುವಾಗ ಸೊಂಟಕ್ಕೆ ಎಳೆತ ಗೊತ್ತಾಗುತ್ತದೆ. 1968ರಲ್ಲಿ ಬಂದ ಪೂಮಾ ಸ್ವೀಡ್ ಅನ್ನು 1980ರ ದಶಕದ ನ್ಯೂಯಾರ್ಕ್ ಬಿ-ಬಾಯ್‌ಗಳು (ಬ್ರೇಕಿಂಗ್ ಮಾಡುವ ಹುಡುಗರು) ತಮ್ಮದಾಗಿಸಿಕೊಂಡದ್ದು ಚಂದಕ್ಕಷ್ಟೇ ಅಲ್ಲ, ಅದರ ಅಟ್ಟೆ ಚಪ್ಪಟೆ. ಬಾಸ್ಕೆಟ್‌ಬಾಲ್‌ಗೆಂದು ಬಂದ ಅಡಿಡಾಸ್ ಸೂಪರ್‌ಸ್ಟಾರ್‌ನದು ಬೇರೆ ಅನುಕೂಲ: ಅದರ ಮೂತಿಗೆ ರಬ್ಬರ್ ಚಿಪ್ಪಿದೆ. ಕೈ ನೆಲಕ್ಕೂರಿ ಕಾಲಾಡಿಸುವ ಫುಟ್‌ವರ್ಕ್‌ನಲ್ಲಿ ಶೂ ಮೊದಲು ಸವೆಯುವುದು ಕಾಲ್ಬೆರಳ ಮೇಲಿನ ಭಾಗದಲ್ಲಿ, ಏಕೆಂದರೆ ಕಾಲು ಎಳೆಯುವಾಗ ನೆಲಕ್ಕೆ ಉಜ್ಜುವುದು ಅದೇ. ಅಲ್ಲಿ ಬರೀ ಬಲೆಯಂಥ ಬಟ್ಟೆ ಇರುವ ಶೂ ಬೇಗ ಹರಿಯುತ್ತದೆ. ಸ್ವೀಡ್, ಚರ್ಮ ಅಥವಾ ರಬ್ಬರ್ ಇದ್ದರೆ ತಡೆದುಕೊಳ್ಳುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಶೂ ಕೈಯಲ್ಲಿ ಹಿಡಿದು ಮಡಿಸಿದರೆ ಬೆರಳುಗಳ ಬುಡ ಬರುವ ಜಾಗದಲ್ಲೇ ಬಾಗಬೇಕು. ನಟ್ಟನಡುವೆ ಮಡಿಸಿಕೊಂಡರೆ ಬಿಟ್ಟುಬಿಡಿ. ಹಾಕಿಕೊಂಡು ಬೆರಳುಗಳ ಮೇಲೆ ಕುಕ್ಕರಗಾಲಲ್ಲಿ ಕೂತು, ಮಂಡಿಗಳನ್ನು ಎಡಬಲಕ್ಕೆ ಹೊರಳಿಸಿ. ಹಿಮ್ಮಡಿ ಶೂನಿಂದ ಎದ್ದು ಬಂದರೆ ಅಳತೆ ದೊಡ್ಡದು. ಮುಂದೆ 5ರಿಂದ 8 ಮಿ.ಮೀ. ಜಾಗ ಸಾಕು. ಸಂಜೆ ಹೊತ್ತಿಗೆ ಪಾದ ಕೊಂಚ ಉಬ್ಬಿರುತ್ತದೆ, ಆಗಲೇ ಅಳತೆ ನೋಡಿ, ಪ್ರಾಕ್ಟೀಸ್‌ಗೆ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಿ. ಪಾದದ ಗಂಟು ಮುಚ್ಚುವ ಎತ್ತರದ ಶೂ ಕೆಲವರಿಗೆ ಧೈರ್ಯ ಕೊಡುತ್ತದೆ, ಆದರೆ ಕುಕ್ಕರಗಾಲಿನ ಮೂವ್‌ಗಳಲ್ಲಿ ಪಾದ ಪೂರ್ತಿ ಬಾಗಲು ಬಿಡುವುದಿಲ್ಲ. ಗಿಡ್ಡ ಕತ್ತಿನ ಶೂ ಮೇಲು ಎನ್ನುವುದು ನನ್ನ ಅಭಿಪ್ರಾಯ.

ಹೊಸ ಶೂ ಹಾಕಿದ ಮೊದಲ ದಿನವೇ ವೇಗವಾಗಿ ತಿರುಗಬೇಡಿ. ಹೊಸ ರಬ್ಬರ್ ನೆಲಕ್ಕೆ ಅಂಟುತ್ತದೆ. ಪಾದ ನಿಂತು ಮೈ ತಿರುಗಿದರೆ ಆ ತಿರುಚು ಪೂರ್ತಿ ಮಂಡಿಗೆ ಹೋಗುತ್ತದೆ. ಮಂಡಿಯೊಳಗಿನ ಮೆದು ಎಲುಬು ಹರಿಯುವ ದಾರಿಗಳಲ್ಲಿ ಇದೂ ಒಂದು. ಕೆಲವು ದಿನ ಟಾಪ್‌ರಾಕ್ ಮಾತ್ರ ಮಾಡಿ ಅಟ್ಟೆಯನ್ನು ಪಳಗಿಸಿ. ಇದಕ್ಕೆ ತದ್ವಿರುದ್ಧ ತೊಂದರೆ ಧೂಳು. ಬೀದಿಯಲ್ಲಿ ನಡೆದ ಶೂವನ್ನೇ ಮರದ ನೆಲಕ್ಕೆ ತಂದರೆ ಮೊದಲ ಹೆಜ್ಜೆಗೇ ಜಾರುತ್ತದೆ. ಒದ್ದೆ ಬಟ್ಟೆಯಿಂದ ಅಟ್ಟೆ ಒರೆಸಿ, ಒಣಗಿದ ಮೇಲೆ ಇಳಿಯಿರಿ. ಸಾಧ್ಯವಾದರೆ ಡ್ಯಾನ್ಸ್‌ಗೇ ಒಂದು ಜೊತೆ ಬೇರೆ ಇಟ್ಟುಕೊಳ್ಳಿ. ಲೇಸ್ ಕಟ್ಟಿ ಎರಡು ಗಂಟು ಹಾಕಿ, ತುದಿಗಳನ್ನು ಶೂ ಒಳಗೆ ತುರುಕಿ. ಫುಟ್‌ವರ್ಕ್‌ನಲ್ಲಿ ಒಂದು ಕಾಲು ಇನ್ನೊಂದರ ಲೇಸ್ ತುಳಿಯುವುದು ಅಪರೂಪವೇನಲ್ಲ.

ಪ್ಯಾಂಟ್ ವಿಷಯಕ್ಕೆ ಬಂದರೆ, ಕಾಲಸಂದಿಯ ಹೊಲಿಗೆಯೇ ಮುಖ್ಯ. ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಕೂಡುವ ಪ್ಯಾಂಟ್ ಅಲ್ಲೇ ಬಿರಿಯುತ್ತದೆ. ಅಲ್ಲಿ ವಜ್ರಾಕಾರದ ತುಂಡು ಬಟ್ಟೆ ಸೇರಿಸಿ ಹೊಲಿದಿದ್ದರೆ ಕಾಲು ಅಗಲಿಸಿದರೂ ಎಳೆತ ಹಂಚಿಹೋಗುತ್ತದೆ. ಟ್ರಯಲ್ ರೂಮಿನಲ್ಲಿ ಪೂರ್ತಿ ಕುಕ್ಕರಿಸಿ, ಮಂಡಿಯನ್ನು ಎದೆಗೆ ತನ್ನಿ, ಕಾಲು ಎಷ್ಟಾಗುತ್ತೋ ಅಷ್ಟು ಅಗಲಿಸಿ. ಮೂರರಲ್ಲಿ ಎಲ್ಲಾದರೂ ಬಿಗಿದರೆ ಬೇಡ. ದಪ್ಪ ಜೀನ್ಸ್ ಬೆವರು ಹೀರಿ ಭಾರವಾಗುತ್ತದೆ. ಹಿಂಜೇಬಿನ ಲೋಹದ ಗುಂಡಿ ಬ್ಯಾಕ್‌ಸ್ಪಿನ್‌ನಲ್ಲಿ ಚರ್ಮ ಕೀಳುತ್ತದೆ. ತೀರಾ ದೊಗಲೆಯೂ ಆಗದು. ಅಂಚು ಹಿಮ್ಮಡಿ ದಾಟಿ ಇಳಿದರೆ ಫುಟ್‌ವರ್ಕ್‌ನಲ್ಲಿ ನಿಮ್ಮ ಬಟ್ಟೆಯನ್ನು ನೀವೇ ತುಳಿದು ಅಂಗೈ ಮೇಲೆ ಕುಸಿಯುತ್ತೀರಿ. ಬುಡದಲ್ಲಿ ಇಲಾಸ್ಟಿಕ್ ಇದ್ದರೆ ಆ ಚಿಂತೆಯಿಲ್ಲ. ಸೊಂಟದ ದಾರದ ಗಂಟು ಒಳಗಿರಲಿ.

ಇನ್ನು ಬೆನ್ನು, ಹೆಗಲು. ವಿಂಡ್‌ಮಿಲ್‌ನಲ್ಲಿ ಮೈ ಒಂದು ಹೆಗಲಿಂದ ಬೆನ್ನಿನ ಮೇಲ್ಭಾಗಕ್ಕೆ, ಅಲ್ಲಿಂದ ಇನ್ನೊಂದು ಹೆಗಲಿಗೆ ಉರುಳುತ್ತದೆ. ಕಾಟನ್ ಟೀ ಶರ್ಟ್ ಒಣಗಿದ್ದಾಗ ಪರವಾಗಿಲ್ಲ. ಬೆವರಿಗೆ ತೊಯ್ದ ಮೇಲೆ ನೆಲಕ್ಕೆ ಅಂಟಿ, ಬಟ್ಟೆ ನಿಂತು ಒಳಗೆ ಮೈ ಉಜ್ಜಿ ಚರ್ಮ ಸುಲಿಯುತ್ತದೆ. ಹಳೆಯ ಚಿತ್ರಗಳಲ್ಲಿ ಕಾಣುವ ನೈಲಾನ್ ಜಾಕೆಟ್ ಇಲ್ಲೇ ಕೆಲಸಕ್ಕೆ ಬರುವುದು. ಒಳಗೆ ಮೈಗಂಟಿದ ಬನಿಯನ್, ಹೊರಗೆ ನೈಲಾನ್ ಅಥವಾ ನುಣುಪಾದ ಪಾಲಿಯೆಸ್ಟರ್ ಹಾಕಿದರೆ ಒಳಗಿನದು ಬೆವರು ಹೀರುತ್ತದೆ, ಹೊರಗಿನದು ಜಾರುತ್ತದೆ. ಒರಟು ಕಾಂಕ್ರೀಟ್ ಮೇಲೆ ಮಾತ್ರ ತೆಳು ನೈಲಾನ್ ಬೇಗ ತೂತಾಗುತ್ತದೆ. ಅಲ್ಲಿ ವಿಂಡ್‌ಮಿಲ್‌ನಂಥ ಸುತ್ತುವ ಪವರ್ ಮೂವ್ ಮಾಡಲೇಬೇಕೆಂದರೆ ಲಿನೋಲಿಯಂ (ನುಣುಪಾದ ನೆಲಹಾಸು) ಹಾಸಿಕೊಳ್ಳಿ. ಹುಡ್ ಇರುವ ಸ್ವೆಟ್‌ಶರ್ಟ್ ಹಾಕಿದ್ದರೆ ಹುಡ್ ಒಳಗೆ ಮಡಿಸಿ, ಇಲ್ಲವಾದರೆ ಕುತ್ತಿಗೆ ಕೆಳಗೆ ಮುದ್ದೆಯಾಗಿ ಉರುಳುವ ಲಯವೇ ಕೆಡುತ್ತದೆ. ತಲೆಕೆಳಗಾದಾಗ ಶರ್ಟ್ ಮುಖದ ಮೇಲೆ ಬಿದ್ದರೆ ಕಣ್ಣಿಗೆ ನೆಲವೇ ಕಾಣದು, ಆದ್ದರಿಂದ ಅದನ್ನು ಪ್ಯಾಂಟ್ ಒಳಗೆ ಸೇರಿಸಿ.

ಇದೇ ನೈಲಾನ್ ಫ್ರೀಜ್‌ಗೆ, ಅಂದರೆ ಒಂದು ಭಂಗಿಯಲ್ಲಿ ಅಲುಗದೆ ನಿಲ್ಲುವುದಕ್ಕೆ, ಶತ್ರು. ಬೇಬಿ ಫ್ರೀಜ್‌ನಲ್ಲಿ ಮಂಡಿಯ ಭಾರ ತೋಳಿನ ಮೇಲೆ ಕೂರುತ್ತದೆ. ನೈಲಾನ್ ಪ್ಯಾಂಟ್ ನೈಲಾನ್ ತೋಳಿನ ಮೇಲೆ ಕೂತರೆ ಕ್ಷಣದಲ್ಲಿ ಜಾರಿ ಕೆನ್ನೆ ನೆಲಕ್ಕೆ ಬಡಿಯುತ್ತದೆ. ಫ್ರೀಜ್ ಕಲಿಯುವ ದಿನ ಕಾಟನ್ ತೊಡಿ, ಪವರ್ ಮೂವ್ ದಿನ ನೈಲಾನ್. ಎರಡನ್ನೂ ಬೆರೆಸಿ ಮಾಡುವವರು ನೈಲಾನ್ ಜಾಕೆಟ್‌ಗೆ ಕಾಟನ್ ಪ್ಯಾಂಟ್ ಜೋಡಿಸಿದರೆ ಎರಡಕ್ಕೂ ದಾರಿಯಾಗುತ್ತದೆ.

ಮಂಡಿಗೆ ಕವಚ ಬೇಕೇ ಬೇಕು, ವಿಶೇಷವಾಗಿ ಮಂಡಿಯ ಮೇಲೆ ಬೀಳುವ ನೀ ಡ್ರಾಪ್ ಮಾಡುವವರಿಗೆ. ವಾಲಿಬಾಲ್ ಆಡುವವರ ನೀ ಪ್ಯಾಡ್ ಪ್ಯಾಂಟ್ ಒಳಗೆ ಹೊಂದುತ್ತದೆ. ತೀರಾ ದಪ್ಪವಾದರೆ ಮಂಡಿ ಪೂರ್ತಿ ಮಡಚದು, ತೀರಾ ಬಿಗಿಯಾದರೆ ಹಿಂಬದಿಯ ಚರ್ಮ ಕಚ್ಚುತ್ತದೆ. ಕೂತು ಎದ್ದು ಹತ್ತು ಸಲ ಮಾಡಿ. ಕೆಳಗಿಳಿದರೆ ಅಳತೆ ದೊಡ್ಡದು. ಒಂದೇ ಕೈ ಮೇಲೆ ತಿರುಗುವ ನೈಂಟಿ, ಹ್ಯಾಂಡ್‌ಗ್ಲೈಡ್ ಮಾಡುವ ಕೈಗೆ ಮಾತ್ರ ನುಣುಪಾದ ಗ್ಲೌಸ್ ಹಾಕಿ, ಹಳೆಯ ಸಾಕ್ಸ್ ಆದರೂ ನಡೆದೀತು. ಇನ್ನೊಂದು ಕೈ ಬರಿಗೈಯಾಗಿಯೇ ಇರಲಿ, ತಳ್ಳಲು ಅದಕ್ಕೆ ಹಿಡಿತ ಬೇಕು.

ಹೆಡ್‌ಸ್ಪಿನ್ ಮಾಡುವವರಿಗೆ ನೆತ್ತಿಯ ಮೇಲೆ ನುಣುಪು ತುಂಡು ಹೊಲಿದ ಬೀನಿ ಟೋಪಿ ಕಡ್ಡಾಯ. ಬರಿ ತಲೆಯಲ್ಲಿ ತಿರುಗಿದರೆ ಅದೇ ಜಾಗದ ಕೂದಲು ಉದುರುತ್ತದೆ. ಸುಮಾರು ಎರಡು ದಶಕ ಹೆಡ್‌ಸ್ಪಿನ್ ಮಾಡಿದವರೊಬ್ಬರ ನೆತ್ತಿಯಲ್ಲಿ ಗಡ್ಡೆ ಬೆಳೆದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪ್ರಕರಣ 2024ರಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಟೋಪಿ ಘರ್ಷಣೆ ಕಡಿಮೆ ಮಾಡುತ್ತದೆ, ಕುತ್ತಿಗೆ ಮೇಲಿನ ಭಾರವನ್ನಲ್ಲ. ಕುತ್ತಿಗೆ ಗಟ್ಟಿಯಾಗುವ ತನಕ ತಿರುಗುವುದನ್ನು ಮುಂದೂಡಿ. ಟೋಪಿ ಕಣ್ಣಿನವರೆಗೆ ಜಾರುವಷ್ಟು ಸಡಿಲವೂ ಬೇಡ.

ನೆಲಕ್ಕಿಳಿಯುವ ಮುಂಚೆ ಬೆಲ್ಟ್, ವಾಚ್, ಉಂಗುರ, ಕಿವಿಯೋಲೆ, ಬೀಗದ ಕೈ, ಮೊಬೈಲ್ ತೆಗೆದಿಡಿ. ಬೆಲ್ಟ್ ಹಾಕಿಕೊಂಡೇ ಟರ್ಟಲ್ (ಮೈಭಾರವನ್ನು ಮೊಣಕೈ ಮೇಲೆ ಹೊತ್ತು ಅಂಗೈಗಳ ಮೇಲೆ ನಿಲ್ಲುವ ಭಂಗಿ) ಮಾಡಿದರೆ ಮೊಣಕೈ ಹೊಟ್ಟೆಗೆ ಒತ್ತುವ ಜಾಗದಲ್ಲೇ ಬಕಲ್ ಚುಚ್ಚುತ್ತದೆ. ಬ್ಯಾಗಿನಲ್ಲಿ ಎರಡು ಒಣ ಟೀ ಶರ್ಟ್, ಒಂದು ಟವೆಲ್ ಇರಲಿ. ಬೆವರಿದ ಕೂಡಲೇ ಬದಲಿಸಿ. ಶೂ ಅಟ್ಟೆಯನ್ನು ಆಗಾಗ ತಿರುಗಿಸಿ ನೋಡಿ. ಹೆಬ್ಬೆರಳ ಬುಡದ ಕೆಳಗೆ ಗೆರೆಗಳು ಅಳಿಸಿ ಕನ್ನಡಿಯಂತೆ ನುಣುಪಾಗಿದ್ದರೆ ಅದನ್ನು ಬ್ಯಾಟಲ್‌ಗೆ ಹಾಕಬೇಡಿ, ಹೊಸ ಜೊತೆ ಪಳಗಿಸಲು ಶುರು ಮಾಡಿ.