ಸೇವ್ ಮಾಡುವವರು ಯಾರು?

14 ಆಗಸ್ಟ್ 2024, ಬುಧವಾರ

ಹೊರಡುವ ಹೊತ್ತಿನಲ್ಲಿ ಮೂಲೆಯ ಮೇಜಿನ ಹುಡುಗ ಗ್ರಂಥಾಲಯ ತಂತ್ರಾಂಶದ ಕೋಡ್ ಬಗ್ಗೆ ಕೇಳಿದ ಪ್ರಶ್ನೆ ಮನೆಗೆ ಬಂದರೂ ನನ್ನನ್ನು ಬಿಟ್ಟಿಲ್ಲ. “ಸರ್, ‘ಎರವಲು’ ಕ್ಲಾಸ್ ತನ್ನನ್ನು ತಾನೇ ಸೇವ್ ಮಾಡಿಕೊಂಡರೆ ತಪ್ಪೇನು? ಮಾಹಿತಿಯೂ ಅದರ ಕೆಲಸವೂ ಒಂದೇ ಕಡೆ ಇರಬೇಕೆಂದು ನೀವೇ ಹೇಳಿದ್ದಿರಲ್ಲ?”

ಹೇಳಿದ್ದು ನಿಜ. ಕ್ಲಾಸ್ ಎಂದರೆ ಒಂದು ಬಗೆಯ ಮಾಹಿತಿಯನ್ನೂ ಅದರ ಕೆಲಸಗಳನ್ನೂ (ಮೆಥಡ್‌ಗಳನ್ನು) ಒಟ್ಟಿಗೆ ಕಟ್ಟಿದ ಅಚ್ಚು, ಆ ಅಚ್ಚಿನಿಂದ ಹುಟ್ಟುವ ಒಂದೊಂದು ಘಟಕವೂ ಆಬ್ಜೆಕ್ಟ್; ಸೇವ್ ಎಂದರೆ ಅದನ್ನು ಡೇಟಾಬೇಸಿನಲ್ಲಿ ಉಳಿಸುವುದು. ತಂತ್ರಾಂಶ ವಿನ್ಯಾಸದ ಬಗ್ಗೆ ಬರೆಯುವ ಮಾರ್ಟಿನ್ ಫೌಲರ್ 2002ರಲ್ಲಿ ‘ಆಕ್ಟಿವ್ ರೆಕಾರ್ಡ್’ ಎಂದು ವಿವರಿಸಿದ ವಿನ್ಯಾಸವೂ ಇದೇ: ಡೇಟಾಬೇಸ್ ಟೇಬಲಿನ ಒಂದು ಸಾಲಿಗೆ ಒಂದು ಆಬ್ಜೆಕ್ಟ್, ಸೇವ್ ಮೆಥಡ್ ಅದರೊಳಗೇ. ವೆಬ್ ಅಪ್ಲಿಕೇಶನ್ ಕಟ್ಟುವ ಚೌಕಟ್ಟುಗಳಾದ ರೈಲ್ಸ್ ಮತ್ತು ಲಾರಾವೆಲ್ ಈ ದಾರಿಯಲ್ಲೇ ಬೆಳೆದಿವೆ. ಸಣ್ಣ ಅಪ್ಲಿಕೇಶನ್‌ಗೆ ನಾನೂ ಇದನ್ನೇ ಆರಿಸಿಕೊಳ್ಳುತ್ತೇನೆ.

ಆದರೆ ಹೋದ ತಿಂಗಳು ನಮ್ಮ ಗ್ರಂಥಾಲಯದ ತಂತ್ರಾಂಶದಲ್ಲಿ ಆದದ್ದನ್ನು ನಾನು ಮರೆಯಲಾರೆ. ಪುಸ್ತಕ ಕೊಡುವಾಗ ಪ್ರತಿಯ ಸ್ಥಿತಿ ‘ಹೊರಗಿದೆ’ ಎಂದು ಬದಲಾಗಬೇಕು, ಎರವಲಿನ ಹೊಸ ಸಾಲು ಸೇರಬೇಕು. ಪ್ರತಿಯ ಆಬ್ಜೆಕ್ಟ್ ತನ್ನನ್ನು ಸೇವ್ ಮಾಡಿಕೊಂಡಿತು, ಎರವಲಿನ ಸೇವ್ ವಿಫಲವಾಯಿತು. ದಾಖಲೆಯ ಪ್ರಕಾರ ಪುಸ್ತಕ ಹೊರಗೆ ಹೋಗಿದೆ, ಆದರೆ ಒಯ್ದವರು ಯಾರೂ ಇಲ್ಲ! ಕಪಾಟಿನಲ್ಲೇ ಇದ್ದ ಪುಸ್ತಕಕ್ಕಾಗಿ ಗ್ರಂಥಪಾಲಕರು ಒಂದಿಡೀ ಮಧ್ಯಾಹ್ನ ದಾಖಲೆ ಪುಸ್ತಕಗಳನ್ನು ತಿರುವಿಹಾಕಿದರು. ಅವರ ದಣಿದ ಮುಖ ನನಗೆ ಈಗಲೂ ನೋವು ಕೊಡುತ್ತದೆ.

ಇಡೀ ಕೆಲಸ ಎಲ್ಲಿ ಮುಗಿಯುತ್ತದೆ ಎಂಬುದು ಒಂಟಿ ಆಬ್ಜೆಕ್ಟಿಗೆ ತಿಳಿದಿರುವುದಿಲ್ಲ. ಎರಡೂ ಸೇವ್‌ಗಳನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಆದರೆ ಎಲ್ಲವೂ ಆಗುವ, ಇಲ್ಲವಾದರೆ ಯಾವುದೂ ಆಗದ ಒಂದು ಕಟ್ಟಿನಲ್ಲಿ ಸುತ್ತಬಹುದು, ಸರಿ. ಆದರೆ ಅದನ್ನು ಸುತ್ತುವವರು ಹೊರಗೇ ನಿಂತಿರಬೇಕು. ಹಾಗಿದ್ದಲ್ಲಿ ಉಳಿಸುವ ಹೊಣೆ ಆಗಲೇ ಆಬ್ಜೆಕ್ಟಿನಿಂದ ಹೊರಗೆ ಬಂದಂತಾಯಿತು. ಬಳಕೆದಾರರ ಕೋರಿಕೆಯನ್ನು ಮೊದಲು ಪಡೆಯುವ ಕಂಟ್ರೋಲರ್‌ನಲ್ಲಿ ಬರೆಯೋಣವೆಂದರೆ, ಕೌಂಟರಿನ ಪುಟ, ಮೊಬೈಲ್ ಆ್ಯಪ್, ರಾತ್ರಿ ಓಡುವ ಕಾಯ್ದಿರಿಸುವಿಕೆಯ ಕೆಲಸ, ಈ ಮೂರರಲ್ಲೂ ಅದೇ ಕೋಡ್ ಸಾಲುಗಳನ್ನು ನಕಲು ಮಾಡಬೇಕಾಗುತ್ತದೆ. ಆದ್ದರಿಂದ ‘ಎರವಲು ಕೊಡುವಿಕೆ’ಗೇ ಒಂದು ಸರ್ವಿಸ್ ಕ್ಲಾಸ್ (ಆ ಇಡೀ ಕೆಲಸವನ್ನು ನಡೆಸುವ ಕ್ಲಾಸ್) ಇರಲಿ, ಟ್ರಾನ್ಸಾಕ್ಷನ್ ಅಲ್ಲಿ ತೆರೆದು ಅಲ್ಲೇ ಮುಗಿಯಲಿ, ಟೇಬಲಿಗೆ ಬರೆಯುವುದನ್ನು ಡೇಟಾಬೇಸಿನೊಡನೆ ವ್ಯವಹರಿಸುವ ಬೇರೆ ಕ್ಲಾಸ್, ಅಂದರೆ ರೆಪಾಸಿಟರಿ, ನೋಡಿಕೊಳ್ಳಲಿ ಎಂಬುದು ನನ್ನ ನಿಲುವು. ಪಿಎಚ್‌ಪಿ ಭಾಷೆಯಲ್ಲಿ ಡೇಟಾಬೇಸ್ ಕೆಲಸಕ್ಕೆ ಬಳಸುವ ಡಾಕ್ಟ್ರಿನ್ ಕೂಡ 2010ರ ಎರಡನೆಯ ಆವೃತ್ತಿಯಲ್ಲಿ ಆಕ್ಟಿವ್ ರೆಕಾರ್ಡ್ ಬಿಟ್ಟು ಉಳಿಸುವ ಕೆಲಸವನ್ನು ಆಬ್ಜೆಕ್ಟಿನಿಂದ ಬೇರೆಯಾಗಿಡುವ ಡೇಟಾ ಮ್ಯಾಪರ್‌ನತ್ತ ತಿರುಗಿತು. ಅಲ್ಲಿ ಬದಲಾವಣೆಗಳೆಲ್ಲ ಕೂಡಿಕೊಂಡು ಒಮ್ಮೆಗೇ ಡೇಟಾಬೇಸ್ ಸೇರುತ್ತವೆ.

ಇಷ್ಟಾದರೂ ಹುಡುಗನ ಮಾತಿನ ಅರ್ಧ ಸರಿಯೇ ಇದೆ. ಒಬ್ಬ ಸದಸ್ಯರಿಗೆ ಮೂರು ಪುಸ್ತಕಗಳಷ್ಟೇ ಎಂಬ ನಿಯಮ ‘ಸದಸ್ಯ’ ಕ್ಲಾಸಿನಲ್ಲೇ ಇರಬೇಕು. ಅದನ್ನೂ ಸರ್ವಿಸ್‌ಗೆ ಸಾಗಿಸಿದರೆ ಆಬ್ಜೆಕ್ಟ್ ಬರೀ ಮಾಹಿತಿಯ ಚೀಲವಾಗುತ್ತದೆ. ಆದರೆ ನಾಳೆ ಅವನು, ಹಳೆಯ ದಂಡದ ಬಾಕಿ ಇದೆಯೇ ಎಂದು ಸದಸ್ಯ ಆಬ್ಜೆಕ್ಟ್ ಡೇಟಾಬೇಸನ್ನು ಯಾರ ಮೂಲಕ ಕೇಳಬೇಕು ಎಂದರೆ, ರೆಪಾಸಿಟರಿಯನ್ನು ಅದರ ಕೈಗೇ ಕೊಡಬೇಕೋ, ಇಲ್ಲ ಬಾಕಿಯನ್ನು ಮೊದಲೇ ತಂದು...