ಮೂಗಿನ ದುರ್ಮಾಂಸ ತೆಗೆಸಿಕೊಂಡ ಮೇಲೆ

ಮೂಗಿನೊಳಗೆ ಬೆಳೆದ ದುರ್ಮಾಂಸವನ್ನು, ಅಂದರೆ ಪಾಲಿಪ್‌ಗಳನ್ನು, ಎಂಡೋಸ್ಕೋಪ್ (ಒಳಭಾಗವನ್ನು ನೋಡಲು ಬಳಸುವ ತೆಳು ಕೊಳವೆ) ಮೂಲಕ ಮೂಗಿನ ಹೊಳ್ಳೆಯಿಂದಲೇ ತೆಗೆಯುತ್ತಾರೆ, ಮುಖದ ಮೇಲೆ ಎಲ್ಲಿಯೂ ಕೊಯ್ಯುವುದಿಲ್ಲ ಎಂದು ವೈದ್ಯರು ಹೇಳಿದಾಗಲೇ ನನ್ನ ಅರ್ಧ ಭಯ ಇಳಿದಿತ್ತು. ಅರಿವಳಿಕೆಯಿಂದಾಗಿ ನೋವು ತಿಳಿಯಲಿಲ್ಲ. ಕಷ್ಟವೆನಿಸಿದ್ದು ಆನಂತರದ ಮೊದಲ ವಾರ. ಬಾಯಿಯಿಂದಲೇ ಉಸಿರಾಡುತ್ತಾ, ದಿಂಬಿನ ಮೇಲೆ ದಿಂಬಿಟ್ಟು ತಲೆ ಎತ್ತರಿಸಿ ಮಲಗಬೇಕಾಗಿತ್ತು. ಸೀನು ಬಂದರೆ ಬಾಯಿ ತೆರೆದೇ ಸೀನಬೇಕಾಗಿತ್ತು. ಸಿಂಬಳ ಸೀಟುವುದಂತೂ ಪೂರ್ತಿ ನಿಷಿದ್ಧವಾಗಿತ್ತು. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದಾಗ ರಕ್ತದ ಹಕ್ಕಳೆಗಳು ಹೊರಬರುವುದು ಸಹಜ. ಆದರೆ ರಕ್ತ ನಿಲ್ಲದೆ ಸುರಿದರೆ, ದೃಷ್ಟಿ ಮಂಜಾದರೆ ಅಥವಾ ಬಾಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪಾಲಿಪ್ ಮರಳಿ ಬೆಳೆಯಬಹುದಾದ್ದರಿಂದ ಸ್ಟೆರಾಯ್ಡ್ ಸ್ಪ್ರೇಯನ್ನು ಇಂದಿಗೂ ಬಿಟ್ಟಿಲ್ಲ. ದುರ್ಮಾಂಸದಿಂದಾಗಿ ವಾಸನೆಯೇ ತಿಳಿಯದಂತಾಗಿದ್ದ ನನಗೆ, ಮೂರನೆಯ ವಾರದ ಒಂದು ಬೆಳಿಗ್ಗೆ ಒಗ್ಗರಣೆಯ ಇಂಗಿನ ವಾಸನೆ ಮೂಗಿಗೆ ತಾಕಿದಾಗ ಕಣ್ಣು ತುಂಬಿಬಂದಿತು.