ಐಹೊಳೆಯ ಮಳೆಯಲ್ಲಿ ಅರ್ಧ ಗಂಟೆ

ಮೂರನೇ ಸೆಮಿಸ್ಟರ್‌ನಲ್ಲಿ ನಮ್ಮ ಆರ್ಕಿಟೆಕ್ಚರ್ ಕ್ಲಾಸು ಬಸ್ಸು ಮಾಡಿಕೊಂಡು ಬಾದಾಮಿ ಕಡೆ ಹೊರಟಿತ್ತು. ರಾತ್ರಿಯಿಡೀ ಅಂತ್ಯಾಕ್ಷರಿ, ಬೆಳಗಿನ ಜಾವ ನಿದ್ದೆ. ಕಣ್ಣು ಬಿಟ್ಟಾಗ ಕಿಟಕಿಯಾಚೆ ಸೂರ್ಯಕಾಂತಿ ಹೊಲ, ಅದರ ಹಿಂದೆ ಕೆಂಪು ಬಂಡೆಗಳ ಸಾಲು. ನಾನು ಶಿರಸಿ ಕಡೆಯವನು. ಮರಗಳ ಸಂದಿಯಲ್ಲಿ ತುಂಡು ತುಂಡು ಆಕಾಶ ನೋಡಿ ಬೆಳೆದವನಿಗೆ ಇಷ್ಟು ಅಗಲದ ಬಯಲು ಹೊಸದು.

ಸರ್ ಮೊದಲೇ ಹೇಳಿದ್ದರು, "ಫೋಟೋ ಆಮೇಲೆ. ಮೊದಲು ಕೂತು ಬರೀರಿ."

ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನ ಇದೆ. ನಾವು ಅದರ ಮುಂದೆ ನಿಂತಿದ್ದಾಗ ಕೋತಿಯೊಂದು ಗೆಳೆಯನ ಬಿಸ್ಕತ್ ಪೊಟ್ಟಣದ ಜೊತೆ ಅಳತೆ ಟೇಪನ್ನೂ ಎತ್ತಿಕೊಂಡು ಹೋಯಿತು. ಬಿಸ್ಕತ್ತು ತಿಂದು ಟೇಪನ್ನು ಬಂಡೆಯ ತುದಿಯಲ್ಲಿ ಬಿಟ್ಟಿತು. ಅಲ್ಲಿಗೆ ಹತ್ತೋರು ಯಾರು? ಹಾಗಾಗಿ ಮರುದಿನ ಐಹೊಳೆಯಲ್ಲಿ ಕಂಬಗಳನ್ನೆಲ್ಲ ಗೇಣು ಹಾಕಿ ಅಳೆದೆವು.

ಐಹೊಳೆಗೆ ಹೋದವರೆಲ್ಲ ಮೊದಲು ನುಗ್ಗುವುದು ದುರ್ಗ ಗುಡಿಗೆ. ಆನೆಯ ಬೆನ್ನಿನ ಹಾಗೆ ದುಂಡಗಿರುವ ಹಿಂಭಾಗ, ಸುತ್ತ ಕಂಬಗಳ ಪಡಸಾಲೆ. ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಹತ್ತಿರ ಇದ್ದ ಕೋಟೆಯಿಂದ. ಅಲ್ಲಿ ಜಾಗ ಸಿಗದೆ ನಾನು ಲಾಡ್‌ಖಾನ್ ಗುಡಿಯ ಮುಂದೆ ಕೂತೆ. ಹಿಂದೆ ಯಾವಾಗಲೋ ಅದರಲ್ಲಿ ವಾಸವಿದ್ದವನ ಹೆಸರೇ ಗುಡಿಗೆ ಉಳಿದುಕೊಂಡಿದೆ. ಹೊರಗಿನಿಂದ ಗುಡಿಗಿಂತ ಮನೆಯ ಹಾಗೇ ಕಾಣುತ್ತದೆ.

ಮಾಡು, ಅಂದರೆ ಮೇಲ್ಛಾವಣಿ, ಇಳಿಜಾರಾಗಿದೆ, ಪೂರಾ ಕಲ್ಲಿನದ್ದು. ಅಗಲವಾದ ಚಪ್ಪಡಿಗಳನ್ನು ಒಂದರ ಪಕ್ಕ ಒಂದು ಹಾಸಿದ್ದಾರೆ. ನಡುನಡುವೆ ಮರದ ದಿಮ್ಮಿ ಮಲಗಿಸಿದ ಹಾಗೆ ಉದ್ದುದ್ದದ ಕಲ್ಲಿನ ಪಟ್ಟಿಗಳು. ನಾನು ಆ ಪಟ್ಟಿಗಳನ್ನು ತೆಳುವಾಗಿ ಗೀಚಿ ಮುಗಿಸಿದ್ದೆ.

ಸರ್ ಹಿಂದಿನಿಂದ ಬಗ್ಗಿ ನೋಡಿದರು. "ಇವು ಯಾಕಿವೆ?"

"ಚೆಂದಕ್ಕೆ ಸರ್."

ಅವರು ಏನೂ ಹೇಳದೆ ಮುಂದೆ ಹೋದರು. ಬೈದಿದ್ದರೇ ವಾಸಿ ಇತ್ತು.

ಅಷ್ಟರಲ್ಲಿ ಮಳೆ ಬಂತು. ಮುನ್ಸೂಚನೆ ಕೊಡುವ ನಮ್ಮೂರ ಮಳೆಯಲ್ಲ, ಒಮ್ಮೆಲೇ ಸುರಿದದ್ದು. ಕಾವಲಿನ ಅಜ್ಜ ಪಕ್ಕದ ಗೌಡರ ಗುಡಿಯಿಂದ ಕೂಗಿದರು, "ಏ ತಮ್ಮಾ, ಒಳಗ ಬಾ, ಹಾಳಿ ತೊಯ್ತಾವು!" ಓಡಿ ಹೋಗಿ ಕಂಬಕ್ಕೆ ಒರಗಿ ನಿಂತೆ. ಎದುರಿಗೇ ಲಾಡ್‌ಖಾನ್ ಗುಡಿಯ ಮಾಡು.

ನೀರು ಚಪ್ಪಡಿ ಮೇಲೆ ಬೀಳುತ್ತಿತ್ತು, ಪಟ್ಟಿಯ ಮೇಲೆ ಬಿದ್ದದ್ದು ಎರಡೂ ಬದಿಗೆ ಜಾರಿ ಚಪ್ಪಡಿಗೇ ಇಳಿಯುತ್ತಿತ್ತು. ಚಪ್ಪಡಿಗಳೆಲ್ಲ ಒಂದೊಂದು ಕಾಲುವೆಯಾಗಿ ಅಂಚಿನಿಂದ ನೀರು ಸುರಿಸುತ್ತಿದ್ದವು. ಎರಡು ಚಪ್ಪಡಿ ಕೂಡುವ ಸಂದಿ ಇದ್ದದ್ದು ಆ ಪಟ್ಟಿಯ ಅಡಿಯಲ್ಲಿ. ಅಲ್ಲಿಗೆ ನೀರಿಗೆ ದಾರಿಯೇ ಇಲ್ಲ.

ನನಗೆ ನಾಚಿಕೆ ಆಯಿತು. ಇದು ನಮ್ಮನೆ ನಾಡಹಂಚಿನ ಲೆಕ್ಕವೇ ಅಲ್ವಾ? ಒಂದು ಸಾಲು ಅಂಗಾತ, ಅವುಗಳ ಸಂದಿ ಮುಚ್ಚೋಕೆ ಇನ್ನೊಂದು ಸಾಲು ಬೋರಲು. ಪ್ರತಿ ಬೇಸಿಗೆ ಅಪ್ಪನ ಜೊತೆ ಹಂಚು ಕೈಯಾಡಿಸುವಾಗ ಕೆಳಗಿಂದ ಒಂದೊಂದಾಗಿ ಎತ್ತಿ ಕೊಟ್ಟವನು ನಾನು. ಸಾವಿರಕ್ಕೂ ಜಾಸ್ತಿ ವರ್ಷದ ಹಿಂದೆ ಅದನ್ನೇ ಕಲ್ಲಿನಲ್ಲಿ ಮಾಡಿಟ್ಟಿದ್ದಾರೆ, ನಾನು ಚೆಂದಕ್ಕೆ ಅಂದುಬಿಟ್ಟೆ!

ಮಳೆ ನಿಲ್ಲೋವರೆಗೂ ಅಲ್ಲೇ ನಿಂತು ಮತ್ತೆ ಬರೆದೆ. ಈ ಸಲ ಪಟ್ಟಿಗಳಿಗೆ ದಪ್ಪ ಗೆರೆ. ಹಾಳೆಯ ಒಂದು ಮೂಲೆ ಒದ್ದೆಯಾಗಿ ಉಬ್ಬಿತ್ತು.

ಸಂಜೆ ಪಟ್ಟದಕಲ್ಲು. ಗಂಡ, ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ, ಕಂಚಿ ಗೆದ್ದ ನೆನಪಿಗೆ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಅಲ್ಲಿದೆ. ದೊಡ್ಡದು, ನಿಜಕ್ಕೂ ದೊಡ್ಡದು. ಆದರೆ ನನ್ನ ತಲೆ ಇನ್ನೂ ಐಹೊಳೆಯಲ್ಲೇ ಇತ್ತು. ಮಲಪ್ರಭೆಯ ದಂಡೆಗೆ ಹೋಗಿ ಅಪ್ಪನಿಗೆ ಫೋನ್ ಮಾಡಿ ಕಲ್ಲಿನ ಬೋರಲು ಹಂಚಿನ ಕಥೆ ಪೂರ್ತಿ ಹೇಳಿದೆ.

ಅಪ್ಪ ಸುಮ್ನೆ ಕೇಳಿಸಿಕೊಂಡು ಅಂದರು, "ಒಳ್ಳೇದಾಯ್ತು. ಬರೋ ಬೇಸಿಗೆ ಮಾಡು ಹತ್ತೋದು ನೀನೇ."